ಖಾರ್ಕಿವ್‌ನಲ್ಲಿ ನಮ್ಮ ನೆರೆಯ ಹುಡುಗ

ಲಕ್ಷ್ಮೇಶ್ವರ, ಶಿರಹಟ್ಟಿಯವರಿಗೆ ಹಾವೇರಿ ಜಿಲ್ಲೆ ಅಂದ್ರೆ ಬೀಗರ ಊರು ಇದ್ದಂಗ. ಅಲ್ಲಿನ ಚಳಗೇರಿಯ ಹುಡುಗನೊಬ್ಬ ಡಾಕ್ಟರ್ ಆಗಬೇಕಂತ ಉಕ್ರೇನಿನ ಖಾರ್ಕಿವ್‌ಗೆ ಹೋಗಿದ್ದ. 2022ರ ಮಾರ್ಚ್ 1. ಅಲ್ಲಿ ಯುದ್ಧ ಶುರುವಾಗಿತ್ತು. ತಿನ್ನೋ ಸಾಮಾನು ತರಾಕ ಬಂಕರಿನಿಂದ ಹೊರಗ ಬಂದು ಅಂಗಡಿ ಮುಂದೆ ಪಾಳಿ ಹಚ್ಚಿದ್ದ. ಶೆಲ್ ದಾಳಿಗೆ ಅಲ್ಲೇ ಬಲಿಯಾದ.

ಮಗನ ಪಾರ್ಥಿವ ಶರೀರಕ್ಕಾಗಿ ಹೆತ್ತವರು ಸುಮಾರು ಮೂರು ವಾರ ಕಾದರು. ಬಂದ ಮೇಲೆ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಕೊಟ್ಟರು. ಎಂಥಾ ದೊಡ್ಡ ಮನಸ್ಸು!

ಅದೇ ಖಾರ್ಕಿವ್‌ನಲ್ಲಿ 2023ರಿಂದ ಮಕ್ಕಳಿಗೆ ನೆಲದಡಿಯ ಮೆಟ್ರೊ ನಿಲ್ದಾಣಗಳಲ್ಲಿ ಶಾಲೆ ನಡೆದೈತಿ. ಗಾಜಾ, ಸುಡಾನ್‌ನಲ್ಲಿ ಅಷ್ಟು ಆಸರೆಯೂ ಸಿಗದ ಮಕ್ಕಳಿದ್ದಾರೆ.

ಗದಗ-ಬೆಟಗೇರಿ, ಮುಂಡರಗಿಯ ಗೆಳೆಯರೇ, ಯುದ್ಧದ ವಿಡಿಯೊ ಕಂಡಾಗ ಯಾರು ಗೆದ್ರು ಅಂತ ಕೇಳೋ ಮೊದಲು, ಆ ಓಣಿಯ ಮಕ್ಕಳು ಏನಾದ್ರು ಅಂತ ಕೇಳ್ರಿ.