ವಾಹನದ ಪರಿವರ್ತಕದ ಪಾಲನೆ, ಕುಟುಂಬದ ಆರೋಗ್ಯದ ರಕ್ಷಣೆ

ಆರೋಗ್ಯವಂತ ಸಂಸಾರಕ್ಕೆ ಶುದ್ಧವಾದ ನೀರಿನಷ್ಟೇ ಶುದ್ಧವಾದ ಗಾಳಿಯೂ ಅವಶ್ಯಕ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಭಟ್ಕಳ ಮತ್ತು ಮುರ್ಡೇಶ್ವರಗಳ ನಡುವೆ ಇರುವ ಶಿರಾಲಿಯಂತಹ ಊರುಗಳಲ್ಲಿ ಗರ್ಭಿಣಿಯ ತಪಾಸಣೆಗಾಗಿ, ಮಗುವಿನ ಲಸಿಕೆಗಾಗಿ ಸ್ವಂತ ಕಾರನ್ನೋ ಮೋಟಾರು ಸೈಕಲನ್ನೋ ಬಳಸುವ ದಂಪತಿಗಳು ಇಂದು ಉಂಟು. ಅಂತಹವರು ಕ್ಯಾಟಲಿಟಿಕ್ ಕನ್ವರ್ಟರ್ ಅಥವಾ ವೇಗವರ್ಧಕ ಪರಿವರ್ತಕದ ವಿಚಾರವನ್ನು ಅರಿತಿರಬೇಕು.

ಪರಿವರ್ತಕವೆಂದರೇನು?

ಇದು ಹೊಗೆಯ ಕೊಳವೆಯಲ್ಲಿ ಅಳವಡಿಸಿದ ಭಾಗ. ಇದರೊಳಗೆ ಜೇನುಗೂಡಿನಂತೆ ರಂಧ್ರಗಳುಳ್ಳ ಪಿಂಗಾಣಿಯ ಅಥವಾ ಲೋಹದ ಗಟ್ಟಿಯಿರುತ್ತದೆ. ಅದರ ಮೇಲೆ ಪ್ಲಾಟಿನಂ, ಪೆಲ್ಲಾಡಿಯಂ, ರೋಡಿಯಂನಂತಹ ಬೆಲೆಬಾಳುವ ಲೋಹಗಳ ಲೇಪನವಿರುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಮೇಲೆ ಇದು ಹೊಗೆಯಲ್ಲಿರುವ ವಿಷಾನಿಲಗಳ ಬಹುಭಾಗವನ್ನು ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಸಾರಜನಕಗಳಾಗಿ ಮಾರ್ಪಡಿಸುತ್ತದೆ.

ಇದರಿಂದ ಕುಟುಂಬಕ್ಕೇನು ಪ್ರಯೋಜನ?

ವಿಷಾನಿಲಗಳಲ್ಲಿ ಒಂದಾದ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಗರ್ಭಿಣಿಯು ಇದನ್ನು ಸೇವಿಸಿದರೆ ಗರ್ಭಸ್ಥ ಶಿಶುವಿಗೂ ಆಮ್ಲಜನಕದ ಕೊರತೆಯುಂಟಾಗುತ್ತದೆ.

ಇದು ಹಾಳಾಗುವುದು ಹೇಗೆ?

ಸೀಸವು ಪರಿವರ್ತಕಕ್ಕೂ ವಿಷ, ಮಕ್ಕಳ ಮಿದುಳಿಗೂ ವಿಷ. 1995ರಲ್ಲಿ ನಮ್ಮ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಪರಿವರ್ತಕ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲನ್ನೂ ಒದಗಿಸಲಾಯಿತು. 2000ದಲ್ಲಿ ದೇಶದಾದ್ಯಂತ ಸೀಸವನ್ನು ಕೈಬಿಡಲಾಯಿತು. ಈಗ ಉಳಿದಿರುವ ಮುಖ್ಯ ಶತ್ರುಗಳು ಸುಡದೆ ಬಂದ ಪೆಟ್ರೋಲ್, ಎಂಜಿನ್ ಎಣ್ಣೆ ಮತ್ತು ಪೆಟ್ಟು. ಸುಡದ ಪೆಟ್ರೋಲ್ ಪರಿವರ್ತಕದೊಳಗೆ ಉರಿದು ಅತಿಯಾದ ಶಾಖವುಂಟಾದರೆ ಗಟ್ಟಿಯು ಕರಗಿ ರಂಧ್ರಗಳು ಮುಚ್ಚಿಹೋಗುತ್ತವೆ.

ದಂಪತಿಗಳು ಪಾಲಿಸಬೇಕಾದ ನಿಯಮಗಳು

1. ಎಂಜಿನ್ ತಡವರಿಸಿದರೆ ಅಥವಾ ಎಚ್ಚರಿಕೆಯ ದೀಪ ಉರಿದರೆ ಬೇಗನೆ ತೋರಿಸಿರಿ. ಸ್ಪಾರ್ಕ್ ಪ್ಲಗ್ಗನ್ನು ಕಾಲಕಾಲಕ್ಕೆ ಬದಲಿಸಿರಿ.
2. ಕಾರನ್ನು ಪದೇ ಪದೇ ತಳ್ಳಿ ಚಾಲನೆ ಮಾಡಕೂಡದು. ಬ್ಯಾಟರಿಯನ್ನು ಸರಿಪಡಿಸಿರಿ.
3. ಸೀಮೆಎಣ್ಣೆ ಬೆರೆತ ಪೆಟ್ರೋಲನ್ನು ಬಳಸಕೂಡದು.
4. ತಯಾರಕರು ಸೂಚಿಸಿದ ಎಂಜಿನ್ ಎಣ್ಣೆಯನ್ನೇ ಹಾಕಿರಿ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆಯೆಂದು ತಿಳಿಯಿರಿ.
5. ಮಳೆಗಾಲದಲ್ಲಿ ಆಳವಾದ ನೀರಿಗೆ ವಾಹನವನ್ನು ಇಳಿಸಬೇಡಿ. ಕಾದ ಪಿಂಗಾಣಿ ಬಿರುಕು ಬಿಡಬಹುದು. ಕಲ್ಲುಗಳಿರುವ ದಾರಿಯಲ್ಲಿ ನಿಧಾನವಾಗಿ ಸಾಗಿರಿ.
6. ಒಣಹುಲ್ಲಿನ ಮೇಲೆ ವಾಹನವನ್ನು ನಿಲ್ಲಿಸಬೇಡಿ. ಪರಿವರ್ತಕದ ಶಾಖದಿಂದ ಬೆಂಕಿ ಹತ್ತಬಹುದು.

ಕೊಳೆತ ಮೊಟ್ಟೆಯ ವಾಸನೆ, ಏರಿನಲ್ಲಿ ಎಳೆಯುವ ಶಕ್ತಿಯ ಕುಂದು, ಕೆಳಗಿನಿಂದ ಗಲಗಲ ಸದ್ದು, ಇವು ರೋಗದ ಲಕ್ಷಣಗಳು. ಖರ್ಚು ಉಳಿಯುವುದೆಂದು ಪರಿವರ್ತಕವನ್ನು ತೆಗೆಸಿ ಬರಿಯ ಕೊಳವೆಯನ್ನು ಹಾಕಿಸುವುದು ತಪ್ಪು. ಆ ವಿಷ ಮನೆಯ ಅಂಗಳಕ್ಕೇ ಮರಳುತ್ತದೆ.

ಕಡೆಯದಾಗಿ ಒಂದು ಮಾತು. ತಣ್ಣಗಿರುವ ಪರಿವರ್ತಕವು ಕೆಲಸ ಮಾಡುವುದಿಲ್ಲ. ಆದುದರಿಂದ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ, ಮಗು ಮಲಗಿರುವ ಕೋಣೆಯ ಕಿಟಕಿಯ ಬಳಿಯಲ್ಲಾಗಲಿ ಎಂಜಿನ್ನನ್ನು ಚಾಲನೆ ಮಾಡಿ ಬಿಡಕೂಡದು. ಪರಿವರ್ತಕವು ಚೆನ್ನಾಗಿದ್ದರೂ ಈ ನಿಯಮವನ್ನು ಮೀರಬೇಡಿ.