ಸೌಲ ಸೋತದ್ದು ಎಲ್ಲಿ?

ಕತ್ತೆ ಹುಡುಕಲು ಹೊರಟವನಿಗೆ ರಾಜ್ಯವೇ ಸಿಕ್ಕಿದ ಕಥೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ಅವನೇ ಇಸ್ರೇಲರ ಮೊದಲ ಅರಸ, ಬೆನ್ಯಾಮೀನ ಕುಲದ ಕೀಷನ ಮಗ ಸೌಲ. ತಂದೆಯ ಕತ್ತೆಗಳನ್ನು ಅರಸುತ್ತ ಹೋಗಿ ಪ್ರವಾದಿ ಸಮುವೇಲನನ್ನು ಕಂಡ. ಪ್ರವಾದಿ ಅವನಿಗೆ ಅಭಿಷೇಕ ಮಾಡಿದ. ನಿಂತರೆ ಉಳಿದವರೆಲ್ಲ ಅವನ ಹೆಗಲಿಗೆ ಬರುತ್ತಿದ್ದರು. ಆದರೂ ರಾಜನೆಂದು ಹೆಸರು ಕೂಗಿದಾಗ ಸಾಮಾನುಗಳ ನಡುವೆ ಅಡಗಿ ಕುಳಿತಿದ್ದ!

ಆರಂಭ ಚೆನ್ನಾಗಿಯೇ ಇತ್ತು. ಇವನಿಂದೇನಾದೀತು ಎಂದು ಮೂಗು ಮುರಿದವರಿಗೆ ಅವನು ಉತ್ತರ ಕೊಡಲಿಲ್ಲ. ಅಮ್ಮೋನಿಯರು ಯಾಬೇಷ್‌ಗಿಲ್ಯಾದ್ ಊರನ್ನು ಮುತ್ತಿ ಎಲ್ಲರ ಬಲಗಣ್ಣು ಕೀಳುವೆವೆಂದಾಗ ದಂಡು ಕಟ್ಟಿಕೊಂಡು ಹೋಗಿ ಊರನ್ನು ಉಳಿಸಿದ. ಹಿಂದೆ ಹೀಯಾಳಿಸಿದವರನ್ನು ಕೊಲ್ಲೋಣವೆಂದು ಜನ ಕೇಳಿದರೆ, ಬೇಡವೆಂದ.

ಇಂಥವನು ಕೆಟ್ಟದ್ದು ಹೇಗೆ?

ಜನ ಏನೆಂದಾರು?

ಗಿಲ್ಗಾಲಿನಲ್ಲಿ ಅವನು ಸಮುವೇಲನಿಗಾಗಿ 7 ದಿನ ಕಾಯಬೇಕಿತ್ತು. ಎದುರಿಗೆ ಫಿಲಿಷ್ಟಿಯರ ಸೈನ್ಯ. ಇತ್ತ ತನ್ನ ಜನ ಜಾರಿಕೊಳ್ಳುತ್ತಿದ್ದಾರೆ. ಸೌಲ ತಾಳಲಾರದೆ ತಾನೇ ಬಲಿ ಅರ್ಪಿಸಿದ. ಅದು ಮುಗಿಯುವುದಕ್ಕೂ ಸಮುವೇಲ ಬರುವುದಕ್ಕೂ ಸರಿಹೋಯಿತು. ಸೌಲ ಜನರನ್ನು ದೂರಿದ, ತಡವಾಗಿ ಬಂದ ಪ್ರವಾದಿಯನ್ನು ದೂರಿದ, ಶತ್ರುವನ್ನು ದೂರಿದ. ಯಾವುದೂ ಸುಳ್ಳಲ್ಲ. ಆದರೆ ಆ ಪಟ್ಟಿಯಲ್ಲಿ ಅವನದೇ ಹೆಸರಿರಲಿಲ್ಲ.

ಅಮಾಲೇಕ್ಯರನ್ನು ನಿರ್ಮೂಲ ಮಾಡಬೇಕೆಂಬ ಆಜ್ಞೆ ಇಂದು ಓದುವವರಿಗೆ ಕಠೋರವೆನಿಸುತ್ತದೆ. ಸೌಲ ಅದನ್ನು ಮೀರಿದ್ದು ಕರುಣೆಯಿಂದಲ್ಲ. ಅವರ ರಾಜನನ್ನೂ ಒಳ್ಳೆಯ ದನಕುರಿಗಳನ್ನೂ ಉಳಿಸಿಕೊಂಡು, ಉಳಿದದ್ದನ್ನು ನಾಶಮಾಡಿದ. ತನ್ನ ಹೆಸರಿಗೊಂದು ಸ್ತಂಭ ನಿಲ್ಲಿಸಿದ. ಸಿಕ್ಕಿಬಿದ್ದಾಗ ಮೊದಲು ಜನರ ಮೇಲೆ ಹೊರಿಸಿ, ಆಮೇಲೆ ಜನರಿಗೆ ಅಂಜಿದ್ದಾಗಿ ಒಪ್ಪಿಕೊಂಡ. ಅದರ ಬೆನ್ನಿಗೇ, ಹಿರಿಯರ ಮುಂದೆ ತನ್ನ ಮರ್ಯಾದೆ ಉಳಿಸೆಂದು ಸಮುವೇಲನನ್ನು ಬೇಡಿದ.

ಹೋಲಿಕೆಯ ವಿಷ

ಗೊಲ್ಯಾತನನ್ನು ಕೊಂದ ಹುಡುಗ ದಾವೀದನೊಡನೆ ಮರಳುವಾಗ ಹೆಂಗಸರು ಹಾಡಿ ಕುಣಿದರು. ಹಾಡಿನಲ್ಲಿ ಅರಸನ ಪಾಲಿಗೆ ಸಾವಿರ, ದಾವೀದನ ಪಾಲಿಗೆ ಹತ್ತು ಸಾವಿರ ಬಂತು. ಗೆದ್ದ ದಿನವೇ ರಾಜ ಒಳಗೆ ಸೋತ. ತನ್ನ ಮನಸ್ಸಿನ ಬೇಗೆ ತಣಿಸಲು ಕಿನ್ನರಿ ನುಡಿಸುತ್ತಿದ್ದವನ ಮೇಲೆಯೇ ಈಟಿ ಎಸೆದ.

ಹೇಗ್ ನಗರದ ಮಾರಿಟ್ಸ್‌ಹೌಸ್ ಸಂಗ್ರಹಾಲಯದಲ್ಲಿರುವ ಚಿತ್ರವೊಂದರಲ್ಲಿ ಹುಡುಗ ಕಿನ್ನರಿ ನುಡಿಸುತ್ತಿದ್ದಾನೆ. ಸೌಲ ಪರದೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಅವನ ಇನ್ನೊಂದು ಕೈಯಲ್ಲಿ ಈಟಿ. ಬಹುಕಾಲ ಸಂಶಯದಲ್ಲಿದ್ದ ಈ ಚಿತ್ರ ರೆಂಬ್ರಾಂಟನದೇ ಎಂದು 2015ರಲ್ಲಿ ಸಂಗ್ರಹಾಲಯ ಸಾರಿತು. ಸೌಲನ ಬಾಳೆಲ್ಲ ಅದರಲ್ಲಿದೆ. ಏನ್ಗೆದಿಯ ಗವಿಯಲ್ಲಿ ದಾವೀದ ಅವನನ್ನು ಕೊಲ್ಲದೆ ಬಿಟ್ಟಾಗ ಸೌಲ ಗಟ್ಟಿಯಾಗಿ ಅತ್ತ. ಆಮೇಲೆ 3,000 ಜನರೊಡನೆ ಮತ್ತೆ ಬೆನ್ನಟ್ಟಿದ! ಕಣ್ಣೀರು ಸುಳ್ಳಲ್ಲ, ಆದರೆ ಈಟಿ ಕೆಳಗಿಡದೆ ಅತ್ತರೆ ಏನು ಬಂತು?

ನಮ್ಮ ಮನೆ, ಕಚೇರಿಗಳಲ್ಲಿ ಈಟಿಗಳಿಲ್ಲ. ಆದರೆ ಕಿರಿಯನೊಬ್ಬನಿಗೆ ಸಿಕ್ಕ ಶಹಭಾಸ್‌ಗಿರಿ ಕೇಳಿ ಊಟ ಸೇರದ ದಿನಗಳು ಇಲ್ಲವೆ? ಜನರಿಗೆ ಅಂಜುವವನು ಜನರ ಒಂದು ಹಾಡಿಗೂ ಕುಸಿಯುತ್ತಾನೆ.

ಸೌಲ ಗಿಲ್ಬೋವ ಬೆಟ್ಟದಲ್ಲಿ ಮೂವರು ಮಕ್ಕಳೊಡನೆ ಸತ್ತ. ಶತ್ರುಗಳು ಶವಗಳನ್ನು ಬೇತ್‌ಷೆಯಾನಿನ ಗೋಡೆಗೆ ತೂಗುಹಾಕಿದರು. ಅವನ್ನು ಇಳಿಸಿ ತರಲು ಕೆಲವರು ಜೀವದ ಹಂಗು ತೊರೆದು ರಾತ್ರಿಯಿಡೀ ನಡೆದರು. ಸಂಸ್ಕಾರ ಮಾಡಿ 7 ದಿನ ಉಪವಾಸವಿದ್ದರು. ಅವರು ಯಾಬೇಷ್‌ಗಿಲ್ಯಾದಿನವರು. ಸ್ತಂಭ ನಿಲ್ಲಿಸುವ ಮೊದಲು ಸೌಲ ಮಾಡಿದ್ದ ಉಪಕಾರವನ್ನು ಆ ಊರು ಮರೆತಿರಲಿಲ್ಲ.