ಗೇರ್ ಬೀಳದಿದ್ದರೆ ತಪ್ಪು ಗೇರ್‌ಬಾಕ್ಸ್‌ನದೇ?

ಎಂಜಿನ್ ಚಾಲನೆಯಲ್ಲಿದೆ, ಕ್ಲಚ್ ಪೆಡಲ್ ತಳ ಮುಟ್ಟಿದೆ, ಆದರೂ ಮೊದಲ ಗೇರ್ ಬೀಳುತ್ತಿಲ್ಲ. ಬಲವಂತಪಡಿಸಿದರೆ ಕರಕರ ಸದ್ದು, ರಿವರ್ಸ್‌ಗೆ ಹಾಕಲು ಹೋದರೆ ಸದ್ದು ಇನ್ನೂ ಜೋರು. ಇಂತಹ ಸ್ಥಿತಿಯಲ್ಲಿ ಮಾಲೀಕನಿಗೆ ಮೊದಲು ಹೊಳೆಯುವುದು ಗೇರ್‌ಬಾಕ್ಸ್ ಕೆಟ್ಟಿತೆಂಬ ಭಯ. ಅದನ್ನು ಇಳಿಸಿ, ಬಿಚ್ಚಿ, ಮರಳಿ ಕೂರಿಸುವ ಕೂಲಿಯ ಲೆಕ್ಕ ಆಗಲೇ ಆರಂಭವಾಗಿರುತ್ತದೆ. ಆದರೆ ಜಪಾನಿನ ಮಾಜ್ದಾ ಕಂಪನಿಯ ಎಂಎಕ್ಸ್-5 ಕಾರನ್ನು ಬಲ್ಲವರು ಇಂತಹ ಸಂದರ್ಭದಲ್ಲಿ ಮೊದಲು ನೋಡುವುದು ಗೇರ್‌ಬಾಕ್ಸ್‌ನ ಒಳಗನ್ನಲ್ಲ. ಅದರ ಹೊರಮೈಗೆ ಎರಡು ಬೋಲ್ಟ್‌ಗಳಿಂದ ಬಿಗಿದಿರುವ ಪುಟ್ಟ ಸ್ಲೇವ್ ಸಿಲಿಂಡರನ್ನು.

1989ರ ಷಿಕಾಗೊ ವಾಹನ ಪ್ರದರ್ಶನದಲ್ಲಿ ಜಗತ್ತಿಗೆ ಪರಿಚಯವಾದ ಎಂಎಕ್ಸ್-5, ಎರಡೇ ಆಸನಗಳ, ಮಡಚುವ ಮೇಲ್ಛಾವಣಿಯ ಹಗುರ ಸ್ಪೋರ್ಟ್ಸ್ ಕಾರು. ಹಿರೋಷಿಮಾದಲ್ಲಿ ತಯಾರಾಗುವ ಈ ಕಾರಿನ ಉತ್ಪಾದನೆ 2016ರಲ್ಲಿ 10 ಲಕ್ಷದ ಗಡಿ ಮುಟ್ಟಿತು. ಇದರ ಗೇರ್ ಲಿವರ್ ನೇರವಾಗಿ ಗೇರ್‌ಬಾಕ್ಸ್‌ನ ಮೇಲೆಯೇ ಕುಳಿತಿರುವುದರಿಂದ ಗೇರ್ ಬದಲಾವಣೆ ಚುರುಕು ಎಂಬ ಹೆಸರಿದೆ. ಅದೇ ಕಾರಣಕ್ಕೆ ಅಲ್ಲಿ ಸಣ್ಣ ತೊಡಕಾದರೂ ಕೈಗೆ ಕೂಡಲೇ ತಿಳಿಯುತ್ತದೆ. ಮೊದಲೆರಡು ತಲೆಮಾರಿನ, ಅಂದರೆ 2005ರವರೆಗಿನ ಕಾರುಗಳಿಗೆ ಈಗ ವಯಸ್ಸಾಗಿದೆ. ವಯಸ್ಸು ಮೊದಲು ಕಾಣಿಸಿಕೊಳ್ಳುವ ಭಾಗಗಳಲ್ಲಿ ರಬ್ಬರ್ ಸೀಲ್ ಒಂದು.

ಕ್ಲಚ್‌ನ ಕೆಲಸ ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸ್‌ಗೆ ಸೇರಿಸುವುದು ಮತ್ತು ಬೇಕೆಂದಾಗ ಬಿಡಿಸುವುದು. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಕೊಳವೆಯಲ್ಲಿ ದೂಡುತ್ತದೆ. ಆ ಒತ್ತಡ ಸ್ಲೇವ್ ಸಿಲಿಂಡರಿನ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ. ಪಿಸ್ಟನ್ ಕ್ಲಚ್ ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು ಸರಿಸುತ್ತದೆ. ಆಗ ಪ್ರೆಷರ್ ಪ್ಲೇಟ್ ಸಡಿಲಗೊಂಡು ಕ್ಲಚ್ ಪ್ಲೇಟ್ ಬಿಡುಗಡೆ ಹೊಂದುತ್ತದೆ. ಇಡೀ ಸರಪಳಿಯಲ್ಲಿ ಚಲನೆಯ ಅಳತೆ ತೀರಾ ಕಡಿಮೆ. ಹೀಗಾಗಿ ಆಯಿಲ್ ಸ್ವಲ್ಪ ಸೋರಿದರೂ, ಗಾಳಿಯ ಗುಳ್ಳೆ ಸೇರಿಕೊಂಡರೂ ಪ್ಲೇಟ್ ಪೂರ್ತಿ ಬಿಡಿಸಿಕೊಳ್ಳದೆ ಎಂಜಿನ್ನಿನ ಜೊತೆ ತಿರುಗುತ್ತಲೇ ಇರುತ್ತದೆ. ತಿರುಗುತ್ತಿರುವ ಶಾಫ್ಟಿಗೆ ನಿಂತ ಗೇರನ್ನು ಸೇರಿಸಲು ಹೋದರೆ ಹಲ್ಲು ಉಜ್ಜುವುದು ಸಹಜ.

ಇದನ್ನು ಪತ್ತೆ ಹಚ್ಚಲು ಉಪಕರಣವೇನೂ ಬೇಕಿಲ್ಲ. ಎಂಜಿನ್ ನಿಲ್ಲಿಸಿ, ಕ್ಲಚ್ ಒತ್ತಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಎಲ್ಲವೂ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಮಾಡಿದೊಡನೆ ಮಾತ್ರ ತಕರಾರು ಆರಂಭವಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದೇ ಅರ್ಥ. ಎಂಜಿನ್ ನಿಂತಾಗಲೂ ಲಿವರ್ ಬಿಗಿಯಾಗಿದ್ದರೆ ದೋಷವನ್ನು ಲಿವರ್‌ನ ಬುಡದಲ್ಲಿ ಅಥವಾ ಗೇರ್‌ಬಾಕ್ಸ್‌ನಲ್ಲಿ ಹುಡುಕಬೇಕು. ಕ್ಲಚ್ ಒತ್ತಿ ಹಿಡಿದು ಹತ್ತು ಸೆಕೆಂಡು ಕಾದ ನಂತರವೂ ರಿವರ್ಸ್ ಹಾಕುವಾಗ ಕರಕರ ಎಂದರೆ ಅನುಮಾನ ಇನ್ನಷ್ಟು ಗಟ್ಟಿ.

ಮುಂದಿನ ಪ್ರಶ್ನೆ, ಎಲ್ಲಿ? ಪೆಡಲನ್ನು ಮೂರು ನಾಲ್ಕು ಸಲ ಬೇಗ ಬೇಗ ಒತ್ತಿದ ಮೇಲೆ ಗೇರ್ ಸುಲಭವಾಗಿ ಬಿದ್ದರೆ ತಪ್ಪು ಆಯಿಲ್ ವ್ಯವಸ್ಥೆಯದು. ಗಾಳಿ ಸೇರಿರಬಹುದು, ಸೀಲ್ ಸವೆದಿರಬಹುದು. ಬ್ರೇಕ್ ಹಿಡಿದು, ಮೊದಲ ಗೇರ್‌ನಲ್ಲಿ ಪೆಡಲ್ ಒತ್ತಿಯೇ ಇದ್ದಾಗ ಸ್ವಲ್ಪ ಹೊತ್ತಿನಲ್ಲಿ ಕಾರು ಮುಂದಕ್ಕೆ ಜಗ್ಗತೊಡಗಿದರೆ ಒತ್ತಡ ಒಳಗೊಳಗೇ ಇಳಿಯುತ್ತಿದೆ ಎಂದರ್ಥ; ಇದು ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನ ಲಕ್ಷಣ. ಸಿಗ್ನಲ್‌ನಲ್ಲಿ ಮುಂದಿನ ವಾಹನಕ್ಕೆ ಒತ್ತಿ ನಿಂತಾಗ ಇದು ಅಪಘಾತಕ್ಕೂ ದಾರಿಯಾದೀತು. ಎಂಎಕ್ಸ್-5ನ ಮೊದಲೆರಡು ತಲೆಮಾರುಗಳಲ್ಲಿ ಕ್ಲಚ್‌ಗೆ ಪ್ರತ್ಯೇಕ ಆಯಿಲ್ ಡಬ್ಬಿ ಇದೆ. ಅದರ ಮಟ್ಟ ಇಳಿದಿದ್ದರೆ, ಆಯಿಲ್ ಕಪ್ಪಾಗಿದ್ದರೆ ಸ್ಲೇವ್ ಸಿಲಿಂಡರಿನ ರಬ್ಬರ್ ಮುಸುಕನ್ನು ಮೆಲ್ಲನೆ ಸರಿಸಿ ನೋಡಬೇಕು. ಒಳಗೆ ತೇವವಿದ್ದರೆ ಕಳ್ಳ ಸಿಕ್ಕಿದಂತೆಯೇ.

ಮಟ್ಟ ಇಳಿದಾಗಲೆಲ್ಲ ಆಯಿಲ್ ತುಂಬಿ ಓಡಿಸುವ ಅಭ್ಯಾಸ ಕೆಲವರಿಗಿದೆ. ಇದು ಅಗ್ಗದ ಉಪಾಯದಂತೆ ಕಂಡರೂ ದುಬಾರಿಯಾಗುತ್ತದೆ. ಕ್ಲಚ್ ಅರ್ಧಂಬರ್ಧ ಬಿಡುತ್ತಿರುವಾಗ ಹಾಕುವ ಒಂದೊಂದು ಗೇರೂ ಸಿಂಕ್ರೊನೈಸರ್ ಉಂಗುರಗಳನ್ನು ಸವೆಸುತ್ತದೆ. ಸಣ್ಣ ಸೀಲ್‌ನ ದೋಷ ಹೀಗೆ ನಿಜವಾಗಿಯೂ ಗೇರ್‌ಬಾಕ್ಸ್‌ನ ದೋಷವಾಗಿಬಿಡುತ್ತದೆ. ಬ್ರೇಕ್ ಆಯಿಲ್ ಬದಲು ಎಂಜಿನ್ ಆಯಿಲ್ ಸುರಿಯುವುದಂತೂ ಕೂಡದು. ಸೀಲ್‌ಗಳು ಊದಿಕೊಂಡು ಇಡೀ ವ್ಯವಸ್ಥೆಯೇ ಹಾಳಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣವುಳ್ಳದ್ದು, ಹಳತಾದಂತೆ ಸಿಲಿಂಡರಿನ ಒಳಮೈ ತುಕ್ಕು ಹಿಡಿಯಲು ಕಾರಣವಾಗುತ್ತದೆ. ಒಂದು ಸಿಲಿಂಡರ್ ಹೊಸದಾದ ಮೇಲೆ ಹಳೆಯ ಮತ್ತೊಂದು ಕೆಲವೇ ದಿನಗಳಲ್ಲಿ ಸೋರುವುದುಂಟು. ಆದುದರಿಂದ ಎರಡನ್ನೂ ಒಟ್ಟಿಗೆ ಬದಲಿಸಿ, ಗಾಳಿ ತೆಗೆಯುವುದು ಲೇಸು.

ಎಲ್ಲ ಕಾರುಗಳಲ್ಲೂ ಈ ಸೌಕರ್ಯವಿಲ್ಲ. ನಿಸ್ಸಾನ್ 370ಜೆಡ್‌ನಲ್ಲಿ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್‌ನ ಶಾಫ್ಟನ್ನು ಸುತ್ತುವರಿದು ಒಳಗೇ ಇದೆ. ಅಲ್ಲಿ ಸೀಲ್ ಹೋದರೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ.

ಕ್ಲಚ್ ಜಾರುವುದು ಇದಕ್ಕೆ ತದ್ವಿರುದ್ಧವಾದ ಕಾಯಿಲೆ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿರುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಎಂಜಿನ್ನಿನ ಸುತ್ತು ಮಾತ್ರ ಏರಿ ವೇಗ ಏರದಿದ್ದರೆ ಪ್ಲೇಟ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಗುಲಿದೆ. ಪೆಡಲ್‌ನಲ್ಲಿ ಇರಬೇಕಾದ ಸಡಿಲ ಇಲ್ಲದಿದ್ದರೂ ಹೀಗಾಗುವುದರಿಂದ ಮೊದಲು ಅದನ್ನು ನೋಡಬೇಕು. ಇಲ್ಲಿ ಗೇರ್ ಬೀಳಲು ತೊಂದರೆಯಿರುವುದಿಲ್ಲ.

ಒಂದೇ ಗೇರ್, ಅದರಲ್ಲೂ ಎರಡನೆಯದು ಮಾತ್ರ ಕರಕರ ಎನ್ನುತ್ತಿದ್ದು ಉಳಿದವು ಸರಿಯಿದ್ದರೆ ಸಿಂಕ್ರೊನೈಸರ್ ಸವೆದಿರಬಹುದು. ಬೆಳಗಿನ ಚಳಿಯಲ್ಲಿ ಮೊಂಡಾಟವಾಡಿ, ನಾಲ್ಕಾರು ಕಿಲೊಮೀಟರ್ ಓಡಿದ ಮೇಲೆ ಸರಿಹೋದರೆ ಗೇರ್ ಆಯಿಲ್ ಬದಲಿಸುವುದರಿಂದಲೇ ಪರಿಹಾರ ಸಿಗಬಹುದು. ಎಂಎಕ್ಸ್-5ನ ಲಿವರ್ ಬುಡಕ್ಕೂ ಪ್ರತ್ಯೇಕವಾಗಿ ಸ್ವಲ್ಪ ಎಣ್ಣೆ ಇರುತ್ತದೆ ಎಂಬುದು ಅನೇಕ ಮೆಕ್ಯಾನಿಕ್‌ಗಳಿಗೇ ಮರೆತುಹೋಗಿರುತ್ತದೆ. ಅದು ಒಣಗಿದರೆ ಲಿವರ್ ಬಿಗಿ, ಅದರ ರಬ್ಬರ್ ಹರಿದರೆ ಕಾರಿನೊಳಗೆ ಬಿಸಿಗಾಳಿ ಮತ್ತು ಸದ್ದು.

ಆಯಿಲ್ ವ್ಯವಸ್ಥೆ ಸರಿಯಿದ್ದು, ಫೋರ್ಕ್ ಪೂರ್ತಿ ಚಲಿಸುತ್ತಿದ್ದರೂ ಕ್ಲಚ್ ಬಿಡುತ್ತಿಲ್ಲವೆಂದಾದರೆ ಮಾತ್ರ ಗೇರ್‌ಬಾಕ್ಸ್ ಇಳಿಸುವ ಮಾತು. ಕ್ರ್ಯಾಂಕ್‌ಶಾಫ್ಟ್ ತುದಿಯ ಪೈಲಟ್ ಬೇರಿಂಗ್ ಹಿಡಿದುಕೊಂಡಿರಬಹುದು. ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಕಾರಿನಲ್ಲಿ ಪ್ಲೇಟ್ ತುಕ್ಕಿನಿಂದ ಫ್ಲೈವ್ಹೀಲ್‌ಗೆ ಅಂಟಿರಲೂಬಹುದು. ಇಳಿಸಿದ ಮೇಲೆ ಪ್ಲೇಟ್, ಪ್ರೆಷರ್ ಪ್ಲೇಟ್, ಎರಡೂ ಬೇರಿಂಗ್‌ಗಳನ್ನು ಒಮ್ಮೆಗೇ ಬದಲಿಸಿ, ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಸೋರುತ್ತಿದೆಯೇ ಎಂದು ನೋಡಿಸಿಕೊಳ್ಳಬೇಕು. ಇವುಗಳಲ್ಲಿ ಯಾವುದೊಂದು ಆಮೇಲೆ ಕೆಟ್ಟರೂ ಇಳಿಸುವ ಕೂಲಿಯನ್ನು ಮತ್ತೊಮ್ಮೆ ತೆರಬೇಕಾಗುತ್ತದೆ.